ಅಮೆರಿಕದ ಕಾನೂನು, ಕುರಿಚಿಯ ಕೂಲಿ

ಕೊಯಮತ್ತೂರಿನಿಂದ ಪೊಳ್ಳಾಚಿ ರಸ್ತೆ ಹಿಡಿದರೆ ಕುರಿಚಿ ಸಿಗುತ್ತದೆ. ಒಂದು ಬದಿಗೆ ನೊಯ್ಯಲ್ ಕಾಲುವೆಯ ಕೆರೆ, ಇನ್ನೊಂದು ಬದಿಗೆ ಸಿಡ್ಕೊ ಕೈಗಾರಿಕಾ ವಸಾಹತು. ಫೌಂಡ್ರಿಗಳು, ಪಂಪು-ಮೋಟಾರಿನ ಬಿಡಿಭಾಗ ಮಾಡುವ ಶೆಡ್ಡುಗಳು, ಒಂದೆರಡು ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ಮನೆಗಳು. 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ದೇವಾಂಗರ, ಒಕ್ಕಲಿಗರ ಎಷ್ಟೋ ಮನೆಗಳ ಒಳಮಾತು ಇಂದಿಗೂ ಕನ್ನಡವೇ. ಪೂರ್ವಕ್ಕೆ ಹೋದರೆ ಸೋಮನೂರು, ಪಲ್ಲಡಂನ ಪವರ್‌ಲೂಮ್ ಊರುಗಳು. ಇನ್ನೂ ಮುಂದೆ ತಿರುಪ್ಪೂರಿನ ಬನಿಯನ್ ಕಂಪನಿಗಳು.

2025ರ ಆಗಸ್ಟ್‌ನಲ್ಲಿ ಭಾರತದ ಸರಕಿನ ಮೇಲೆ ಅಮೆರಿಕ ಹಾಕಿದ ಹೆಚ್ಚುವರಿ ಸುಂಕ ಎರಡು ಕಂತಿನಲ್ಲಿ ಶೇ. 50ಕ್ಕೆ ಏರಿತು. 7ರಂದು ಶೇ. 25, 27ರಂದು ಮತ್ತೆ ಶೇ. 25. ಅಂದಿನಿಂದ ಈ ಭಾಗದ ಚಹಾ ಅಂಗಡಿಗಳಲ್ಲಿ ಅಮೆರಿಕದ ರಾಜಕೀಯ ಮನೆಮಾತಾಗಿದೆ. ಅಲ್ಲಿಯ ಅಧ್ಯಕ್ಷರ ಅಧಿಕಾರ, ಅಲ್ಲಿಯ ಕೋರ್ಟು, ಶ್ರೀಮಂತರ ಕೈವಾಡ ಎಲ್ಲದರ ಬಗ್ಗೆಯೂ ಎಲ್ಲರಿಗೂ ಒಂದೊಂದು ಅಭಿಪ್ರಾಯವಿದೆ. ಆ ಅಭಿಪ್ರಾಯಗಳಲ್ಲಿ ಕೆಲವು ತಪ್ಪು. ಅಮೆರಿಕದ ಬಗ್ಗೆ ಮಾತ್ರ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಅದೇ ತಪ್ಪು ನಮ್ಮ ಊರಿನ ಕಾನೂನಿನ ಬಗ್ಗೆಯೂ ಇದೆ, ಅದರ ನಷ್ಟವನ್ನು ನಮ್ಮವರೇ ತೆರುತ್ತಿದ್ದಾರೆ. ಅದಕ್ಕೇ ಈ ಬರಹ.

ತಪ್ಪು ಕಲ್ಪನೆ: "ಸುಂಕ ಹಾಕಿದ್ದು ನಮ್ಮ ಮೇಲೆ, ಆದ್ದರಿಂದ ಅದನ್ನು ಕಟ್ಟುವವರೂ ನಾವೇ."

ವಾಸ್ತವ: ಆಮದು ಸುಂಕವನ್ನು ಅಮೆರಿಕದ ಬಂದರಿನಲ್ಲಿ ಸರಕು ತರಿಸಿಕೊಂಡ ಅಲ್ಲಿಯ ಕಂಪನಿಯೇ ಕಟ್ಟುತ್ತದೆ. ಅದರಲ್ಲಿ ಒಂದು ಪಾಲು ಬೆಲೆಯಾಗಿ ಅಲ್ಲಿಯ ಗ್ರಾಹಕನಿಗೆ ತಗಲುತ್ತದೆ. ಯಾವ ಗ್ರಾಹಕನಿಗೆ ಎಂದು ನೋಡಿದರೆ ಆ ದೇಶದ ಅಸಮಾನತೆ ಕಣ್ಣಿಗೆ ಕಾಣುತ್ತದೆ. ಈಚಿನ ಏರಿಕೆಗೆ ಮೊದಲೇ ಇದ್ದ ಹಳೆಯ ಸುಂಕಪಟ್ಟಿಯಲ್ಲಿ ತಿರುಪ್ಪೂರಿನ ಹತ್ತಿ ಟೀ ಶರ್ಟಿಗೆ ಶೇ. 16.5. ಅಗ್ಗದ ಅಕ್ರಿಲಿಕ್ ಸ್ವೆಟರಿಗೆ ಶೇ. 32. ಬಲು ದುಬಾರಿಯ ಕಾಶ್ಮೀರಿ ಉಣ್ಣೆಯ ಸ್ವೆಟರಿಗೆ ಶೇ. 4. ಬಡವರು ತೊಡುವ ಬಟ್ಟೆಗೆ ಹೆಚ್ಚು ತೆರಿಗೆ, ಉಳ್ಳವರು ತೊಡುವುದಕ್ಕೆ ಕಡಿಮೆ. ಇದನ್ನು ಮಾರುಕಟ್ಟೆ ಬರೆದಿಲ್ಲ, ಸಂಸತ್ತು ಬರೆದದ್ದು.

ಇನ್ನೊಂದು ಪಾಲು ನಮ್ಮ ಕಡೆಗೆ ಬರುತ್ತದೆ. ಅಲ್ಲಿಯ ಖರೀದಿದಾರ ರಿಯಾಯಿತಿ ಕೇಳುತ್ತಾನೆ, ರಫ್ತುದಾರ ಒಂದಿಷ್ಟು ಒಪ್ಪುತ್ತಾನೆ, ಒಪ್ಪಿದ್ದರಲ್ಲಿ ಒಂದಿಷ್ಟನ್ನು ಜಾಬ್ ವರ್ಕ್ ಘಟಕದ ದರದಲ್ಲಿ ಮುರಿಯುತ್ತಾನೆ, ಆ ಘಟಕದ ಮಾಲೀಕ ಓಟಿ ನಿಲ್ಲಿಸಿ ಪೀಸ್ ರೇಟ್ ಇಳಿಸುತ್ತಾನೆ. ಯಾರ ಪಾಲಿಗೆ ಎಷ್ಟು ಎಂಬುದನ್ನು ಸುಂಕದ ಆದೇಶ ಹೇಳುವುದಿಲ್ಲ. ಚೌಕಾಸಿ ಮಾಡುವ ಶಕ್ತಿ ಯಾರಿಗೆ ಎಷ್ಟಿದೆ ಎಂಬುದೇ ಅದನ್ನು ತೀರ್ಮಾನಿಸುತ್ತದೆ. ಗಿರಣಿ ಮತ್ತು ರಫ್ತು ಸಂಘಗಳ ಬೇಡಿಕೆ ದೆಹಲಿಗೆ ಬೇಗ ಮುಟ್ಟಿತು. 2025ರ ಆಗಸ್ಟ್ 19ರಿಂದ ಕೇಂದ್ರ ಸರ್ಕಾರ ಹತ್ತಿಯ ಮೇಲಿನ ಶೇ. 11 ಆಮದು ಸುಂಕವನ್ನು ತಾತ್ಕಾಲಿಕವಾಗಿ ತೆಗೆಯಿತು. ಆ ನೆರವು ಬೇಕಿತ್ತು, ನಾನು ಅದನ್ನು ಆಕ್ಷೇಪಿಸುವುದಿಲ್ಲ. ಆದರೆ ಕಡಿತವಾದ ಓಟಿಯ ಬಗ್ಗೆ ದೂರು ಹೇಳಲು ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಗಳಿಗೆ ಅಷ್ಟು ಬೇಗ ತೆರೆಯುವ ಬಾಗಿಲು ಯಾವುದಿದೆ?

ತಪ್ಪು ಕಲ್ಪನೆ: "ಅಮೆರಿಕದಲ್ಲಿ ಅಧ್ಯಕ್ಷ ಹೇಳಿದ್ದೇ ಕಾನೂನು."

ವಾಸ್ತವ: ಅಮೆರಿಕದ ಸಂವಿಧಾನದ ಒಂದನೇ ವಿಧಿಯ ಎಂಟನೇ ಪರಿಚ್ಛೇದದ ಪ್ರಕಾರ ತೆರಿಗೆ ಮತ್ತು ಸುಂಕ ಹಾಕುವ ಅಧಿಕಾರ ಸಂಸತ್ತಿನದು. ಆಗಸ್ಟ್‌ನ ಸುಂಕಕ್ಕೆ ಅಧ್ಯಕ್ಷ ಟ್ರಂಪ್ ಆಧಾರ ಮಾಡಿಕೊಂಡದ್ದು ರಾಷ್ಟ್ರೀಯ ತುರ್ತು ಸ್ಥಿತಿಗೆಂದು ಮಾಡಿದ 1977ರ ಒಂದು ಕಾಯ್ದೆಯನ್ನು. ಆ ಕಾಯ್ದೆಯ ಬಳಕೆಯನ್ನು ಪ್ರಶ್ನಿಸಿದವರಲ್ಲಿ ವೈನ್ ಆಮದು ಮಾಡಿಕೊಳ್ಳುವ, ಮಕ್ಕಳ ಕಲಿಕೆಯ ಆಟಿಕೆ ಮಾಡುವ ಸಣ್ಣ-ಮಧ್ಯಮ ವ್ಯಾಪಾರಿಗಳಿದ್ದರು. 2025ರ ಮೇ 28ರಂದು ಅಲ್ಲಿಯ ಅಂತಾರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ ಈ ಬಗೆಯ ಸುಂಕ ಕಾನೂನುಬಾಹಿರ ಎಂದಿತು. ಆಗಸ್ಟ್ 29ರಂದು ಮೇಲ್ಮನವಿ ನ್ಯಾಯಾಲಯವೂ 7-4ರ ಬಹುಮತದಲ್ಲಿ ಅದನ್ನೇ ಹೇಳಿತು. ನವೆಂಬರ್ 5ರಂದು ಸುಪ್ರೀಂ ಕೋರ್ಟು ವಾದ ಆಲಿಸಿತು.

ಹಾಗಾದರೆ ಕಾನೂನು ಗೆದ್ದಿತು ಎಂದು ನೆಮ್ಮದಿ ಪಡಬೇಕೇ? ಎರಡು ಮಾತು ನೆನಪಿಡಬೇಕು. ಮೊದಲನೆಯದು, ಎರಡು ಕೋರ್ಟುಗಳು ತಪ್ಪು ಎಂದ ಮೇಲೂ ಮೇಲ್ಮನವಿಯ ಕಾಲದಲ್ಲಿ ಸುಂಕ ವಸೂಲಿ ನಿಲ್ಲಲಿಲ್ಲ. ಆ ತಿಂಗಳುಗಳನ್ನು ದೊಡ್ಡ ಕಂಪನಿ ತಾಳಿಕೊಳ್ಳುತ್ತದೆ. ಸಾಲದ ಕಂತು ಕಟ್ಟುವ ಸಣ್ಣ ಘಟಕ ತಾಳುವುದಿಲ್ಲ. ಎರಡನೆಯದು ಕುರಿಚಿಗೆ ನೇರವಾಗಿ ಸಂಬಂಧಿಸಿದ್ದು. ಉಕ್ಕು, ಅಲ್ಯೂಮಿನಿಯಂ ಮತ್ತು ಅವುಗಳಿಂದ ಮಾಡಿದ ಹಲವು ವಸ್ತುಗಳ ಮೇಲಿನ ಸುಂಕಕ್ಕೆ ಆಧಾರ 1962ರ ಬೇರೊಂದು ಕಾಯ್ದೆ. 2025ರ ಜೂನ್‌ನಲ್ಲಿ ಶೇ. 50ಕ್ಕೆ ಏರಿದ ಆ ಸುಂಕ ಈ ಮೊಕದ್ದಮೆಯಲ್ಲಿ ಇರಲೇ ಇಲ್ಲ. ತಿರುಪ್ಪೂರಿನ ಬನಿಯನ್ನಿಗೂ ಕುರಿಚಿಯ ಲೋಹದ ಬಿಡಿಭಾಗಕ್ಕೂ ಒಂದೇ ದೇಶ ಸುಂಕ ಹಾಕಿದರೂ ಎರಡಕ್ಕೂ ಕಾನೂನು ಬೇರೆ, ಪರಿಹಾರದ ದಾರಿಯೂ ಬೇರೆ.

ತಪ್ಪು ಕಲ್ಪನೆ: "ಬಡವ-ಬಲ್ಲಿದರ ಅಂತರ ಮಾರುಕಟ್ಟೆಯ ಲೆಕ್ಕ. ಕಾನೂನು ಅದರಲ್ಲಿ ಏನು ಮಾಡೀತು?"

ವಾಸ್ತವ: ಅಮೆರಿಕದ ಒಕ್ಕೂಟ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಇದು 2009ರ ಜುಲೈನಿಂದ ಒಂದು ಸೆಂಟೂ ಏರಿಲ್ಲ. ಎಷ್ಟೋ ರಾಜ್ಯಗಳು ತಮ್ಮದೇ ಕಾನೂನಿನಿಂದ ಹೆಚ್ಚಿಸಿಕೊಂಡಿವೆ, ಹೆಚ್ಚಿಸದ ರಾಜ್ಯಗಳಲ್ಲಿ ಇಂದಿಗೂ ಅದೇ ಮೊತ್ತ. ಅದೇ ಅವಧಿಯಲ್ಲಿ, 2017ರ ಕಾಯ್ದೆಯಿಂದ, ಕಂಪನಿಗಳ ಆದಾಯ ತೆರಿಗೆ ಶೇ. 35ರಿಂದ ಶೇ. 21ಕ್ಕೆ ಇಳಿಯಿತು. ಒಂದನ್ನು ಏರಿಸದಿರುವುದು, ಇನ್ನೊಂದನ್ನು ಇಳಿಸುವುದು, ಎರಡೂ ಸಂಸತ್ತಿನ ನಿರ್ಧಾರ.

ನಮ್ಮಲ್ಲಿ ಸಂಗತಿ ಇನ್ನಷ್ಟು ತೊಡಕಿನದು. ಕಾನೂನು ಇದೆ, ಅದು ಒಳ್ಳೆಯದೂ ಹೌದು. 2006ರ ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆಯನ್ನೇ ನೋಡಿ. ಸಣ್ಣ ಘಟಕ ಮಾಡಿಕೊಟ್ಟ ಕೆಲಸದ ಹಣವನ್ನು ಖರೀದಿದಾರ 15 ದಿನದೊಳಗೆ ಕೊಡಬೇಕು. ಲಿಖಿತ ಒಪ್ಪಂದವಿದ್ದರೂ ಆ ಅವಧಿ 45 ದಿನ ಮೀರುವಂತಿಲ್ಲ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ವ್ಯಾಜ್ಯ ಬಗೆಹರಿಸಲು ಫೆಸಿಲಿಟೇಶನ್ ಕೌನ್ಸಿಲ್ ಇದೆ, ಅದು 90 ದಿನದಲ್ಲಿ ತೀರ್ಮಾನಿಸಬೇಕೆಂಬ ನಿಯಮವೂ ಇದೆ. ಇದು ಸಾಲದೆಂದು ಆದಾಯ ತೆರಿಗೆ ಕಾಯ್ದೆಯನ್ನೂ ತಿದ್ದಿದರು: 2024ರ ಏಪ್ರಿಲ್‌ನಿಂದ, ಈ ಗಡುವು ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ದೊಡ್ಡ ಕಂಪನಿ ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ.

ಆದರೂ ಸಿಡ್ಕೊ ವಸಾಹತಿನ ಲೇತ್ ಮಾಲೀಕನನ್ನು ಕೇಳಿದರೆ ಬಿಲ್ಲು ಕೊಟ್ಟು ಮೂರು ತಿಂಗಳಾದ ಮೇಲೆ ಚೆಕ್ಕು ಬರುವುದು ಮಾಮೂಲು ಎನ್ನುತ್ತಾನೆ. ದೂರು ಕೊಡುವುದಿಲ್ಲ. ಕೊಟ್ಟರೆ ಹಣ ಬರಬಹುದು, ಮುಂದಿನ ಆರ್ಡರ್ ಬರುವುದಿಲ್ಲ. ಒಬ್ಬನೇ ಖರೀದಿದಾರನನ್ನು ನಂಬಿ ಬದುಕುವವನು ಆ ಖರೀದಿದಾರನ ಮೇಲೆ ಮೊಕದ್ದಮೆ ಹೂಡಲಾರ. ಎಷ್ಟೋ ಜನ ಉದ್ಯಮ್ ನೋಂದಣಿ ಮಾಡಿಸಿಲ್ಲ, ಮಾಡಿಸದವರಿಗೆ ಈ ರಕ್ಷಣೆಯ ಬಾಗಿಲು ತೆರೆಯುವುದೂ ಕಷ್ಟ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಅಂಥ ಶೆಡ್ಡು ನಡೆಸುತ್ತಿದ್ದರೆ ನೋಂದಣಿಯನ್ನು ಇವತ್ತೇ ಮಾಡಿಸಿ, ಅದಕ್ಕೆ ಶುಲ್ಕವಿಲ್ಲ.

ಪವರ್‌ಲೂಮ್ ನೇಯುವವರ ಕತೆಯೂ ಇದೇ ದಾರಿಯದು. ನೂಲು ಕೊಡುವವನು ಬಟ್ಟೆಯ ಯಜಮಾನ, ಮಗ್ಗ ನೇಯುವವನದು, ಕೂಲಿ ಮೀಟರಿನ ಲೆಕ್ಕದಲ್ಲಿ. 2021ರ ನವೆಂಬರ್‌ನಲ್ಲಿ ಸರ್ಕಾರದ ಸಮ್ಮುಖದಲ್ಲಿ ಕೂಲಿ ಏರಿಕೆಗೆ ಒಪ್ಪಿದರು. ಒಪ್ಪಿದ್ದು ಕೈಗೆ ಬರಲಿಲ್ಲ. 2022ರ ಜನವರಿಯಲ್ಲಿ ಮಗ್ಗಗಳು ನಿಂತವು. 2025ರ ಮಾರ್ಚ್-ಏಪ್ರಿಲ್‌ನಲ್ಲಿ ಮತ್ತೆ ನಿಂತವು. ಎರಡನೆಯ ಸಲ ನೇಕಾರರು ಕೇಳಿದ್ದು ಏರಿಕೆಯನ್ನು ಮಾತ್ರವಲ್ಲ, ಒಪ್ಪಂದಕ್ಕೆ ಕಾನೂನಿನ ಬಲವನ್ನೂ ಕೇಳಿದರು. ಕೊಟ್ಟ ಮಾತು ವರ್ಷಗಟ್ಟಲೆ ತಪ್ಪಿದ್ದನ್ನು ಕಂಡವರು ಕಲಿತ ಪಾಠ ಅದು. ಆ ಬೇಡಿಕೆಯೇ ಈ ತಪ್ಪು ಕಲ್ಪನೆಗೆ ಸರಿಯಾದ ಉತ್ತರ ಎಂದು ನನಗೆ ಅನ್ನಿಸುತ್ತದೆ.

ತಪ್ಪು ಕಲ್ಪನೆ: "ಕೋರ್ಟು ತೀರ್ಪು ಕೊಟ್ಟರೆ ಅಲ್ಲಿಗೆ ಮುಗಿಯಿತು."

ವಾಸ್ತವ: ನೊಯ್ಯಲ್ ನದಿಯನ್ನು ನೋಡಿದವರಾರೂ ಹಾಗೆ ಹೇಳಲಾರರು. ತಿರುಪ್ಪೂರಿನ ಡೈಯಿಂಗ್ ಘಟಕಗಳ ಉಪ್ಪುನೀರು ಒರತ್ತುಪಾಳಯಂ ಅಣೆಕಟ್ಟೆಯಲ್ಲಿ ನಿಂತು ಕೆಳಗಿನ ರೈತರ ಹೊಲ ಹಾಳಾಯಿತು. ರೈತರು ಕೋರ್ಟಿಗೆ ಹೋದರು, 2006ರಲ್ಲಿ ಗಡುವಿನ ಆದೇಶ ಬಂತು, ಗಡುವು ದಾಟಿತು. 2011ರ ಜನವರಿ 28ರಂದು ಮದ್ರಾಸ್ ಹೈಕೋರ್ಟು ಡೈಯಿಂಗ್ ಘಟಕಗಳನ್ನೆಲ್ಲ ಮುಚ್ಚಿಸಲು ಆದೇಶಿಸಿತು. ನದಿಗೆ ಅದು ಬೇಕಿತ್ತು. ಆದರೆ ಒಂದೇ ದಿನ ಕೆಲಸ ಕಳೆದುಕೊಂಡವರು ಬಣ್ಣದ ತೊಟ್ಟಿಯ ಬಳಿ ನಿಲ್ಲುತ್ತಿದ್ದ ಕೂಲಿಯವರು. ನೀರನ್ನು ಪೂರ್ತಿ ಮರುಬಳಕೆ ಮಾಡುವ ಸ್ಥಾವರಕ್ಕೆ ಬಂಡವಾಳ ಹಾಕಬಲ್ಲ ಘಟಕಗಳು ಮತ್ತೆ ಬಾಗಿಲು ತೆರೆದವು, ಹಾಕಲಾರದ ಸಣ್ಣವುಗಳಲ್ಲಿ ಎಷ್ಟೋ ಮುಳುಗಿದವು. ಸರ್ಕಾರ ಆಮೇಲೆ ಸಾಮೂಹಿಕ ಸ್ಥಾವರಗಳಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಿತು. ಆ ಸಾಲ ತೀರ್ಪಿಗೆ ಮೊದಲೇ ಬಂದಿದ್ದರೆ, ನದಿಯೂ ಉಳಿಯುತ್ತಿತ್ತು, ಕೂಲಿಯೂ ಉಳಿಯುತ್ತಿತ್ತು. ಸರಿಯಾದ ತೀರ್ಪಿನ ಹೊರೆಯನ್ನು ಯಾರು ಹೊರಬೇಕೆಂದು ಶಾಸಕಾಂಗ ಯೋಚಿಸದಿದ್ದರೆ ಅದು ಕೊನೆಯವನ ಹೆಗಲಿಗೇ ಬೀಳುತ್ತದೆ.

ತಪ್ಪು ಕಲ್ಪನೆ: "ಒಬ್ಬರಿಗೆ ಒಂದು ಮತ, ಆದ್ದರಿಂದ ಮತಪೆಟ್ಟಿಗೆಯ ಮುಂದೆ ಎಲ್ಲರೂ ಸಮ."

ವಾಸ್ತವ: ಅಮೆರಿಕದಲ್ಲಿ ಲೆಕ್ಕದ ಮಟ್ಟಿಗೂ ಇದು ನಿಜವಲ್ಲ. ಸುಮಾರು 3.9 ಕೋಟಿ ಜನರಿರುವ ಕ್ಯಾಲಿಫೋರ್ನಿಯಾಕ್ಕೂ 6 ಲಕ್ಷದೊಳಗಿನ ವಯೋಮಿಂಗ್‌ಗೂ ಸೆನೆಟ್‌ನಲ್ಲಿ ಇಬ್ಬಿಬ್ಬರೇ ಸದಸ್ಯರು. 2000 ಮತ್ತು 2016ರಲ್ಲಿ ಹೆಚ್ಚು ಮತ ಪಡೆದವರು ಅಧ್ಯಕ್ಷರಾಗಲಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟು 5-4ರ ತೀರ್ಪಿನಲ್ಲಿ, ಕಂಪನಿಗಳು ಚುನಾವಣಾ ಪ್ರಚಾರಕ್ಕೆ ಸ್ವತಂತ್ರವಾಗಿ ಮಾಡುವ ಖರ್ಚಿಗೆ ಮಿತಿ ಹಾಕಬಾರದು ಎಂದಿತು. 2024ರ ಚುನಾವಣೆಯಲ್ಲಿ ಉದ್ಯಮಿ ಇಲಾನ್ ಮಸ್ಕ್ ಒಬ್ಬರೇ 25 ಕೋಟಿ ಡಾಲರ್‌ಗೂ ಹೆಚ್ಚು ಸುರಿದರು.

ಅಲ್ಲಿಯದನ್ನು ಹೇಳಿ ನಮ್ಮದನ್ನು ಮುಚ್ಚಿಡುವುದು ಸರಿಯಲ್ಲ. 2018ರ ಚುನಾವಣಾ ಬಾಂಡ್ ಯೋಜನೆಯಲ್ಲಿ ಯಾರು ಯಾರಿಗೆ ಎಷ್ಟು ಕೊಟ್ಟರೆಂಬುದು ಮತದಾರನಿಗೆ ತಿಳಿಯುವಂತಿರಲಿಲ್ಲ. 2024ರ ಫೆಬ್ರವರಿ 15ರಂದು ನಮ್ಮ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಅದನ್ನು ರದ್ದು ಮಾಡಿತು. ಪಟ್ಟಿ ಹೊರಬಿದ್ದಾಗ ಅತಿ ಹೆಚ್ಚು ಬಾಂಡ್ ಕೊಂಡ ಕಂಪನಿಯ ವಿಳಾಸ ನಮ್ಮ ಕೊಯಮತ್ತೂರಿನದಾಗಿತ್ತು. ಫ್ಯೂಚರ್ ಗೇಮಿಂಗ್ ಎಂಬ ಲಾಟರಿ ಕಂಪನಿ, ಮೊತ್ತ 1,368 ಕೋಟಿ ರೂಪಾಯಿ. ಯೋಜನೆಯಿಂದ ಅತಿ ಹೆಚ್ಚು ಹಣ ಪಡೆದದ್ದು ಬಿಜೆಪಿ. ಈ ಕಂಪನಿಯ ಹಣದ ದೊಡ್ಡ ಪಾಲು ಹೋದದ್ದು ತೃಣಮೂಲ ಕಾಂಗ್ರೆಸ್ ಮತ್ತು ಡಿಎಂಕೆಗೆ. ದೊಡ್ಡ ಪಕ್ಷಗಳಲ್ಲಿ ಹೆಚ್ಚಿನವು ಇದರಿಂದ ಹೊರಗೆ ನಿಲ್ಲಲಾರವು. ಅಮೆರಿಕದ ಕೋರ್ಟು ಹಣಕ್ಕೆ ಬಾಗಿಲು ತೆರೆಯಿತು, ನಮ್ಮ ಕೋರ್ಟು ಕನಿಷ್ಠ ಪರದೆಯನ್ನಾದರೂ ಸರಿಸಿತು ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ತಪ್ಪು ಕಲ್ಪನೆ: "ಊರಿನ ಪಾಲಿಕೆಗೆ ಚುನಾವಣೆ ಆಗದಿದ್ದರೇನು? ಅಧಿಕಾರಿಗಳೇ ಚೆನ್ನಾಗಿ ನಡೆಸುತ್ತಾರೆ."

ವಾಸ್ತವ: ಈ ಮಾತನ್ನು ವಿದ್ಯಾವಂತರೇ ಹೆಚ್ಚು ಆಡುತ್ತಾರೆ. ಉಳಿದವುಗಳಿಗಿಂತ ಇದು ನನ್ನನ್ನು ಹೆಚ್ಚು ಕಾಡುವುದು ಅದಕ್ಕೇ.

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಫ್ಲಿಂಟ್ ಎಂಬ ಊರಿದೆ. ಕಾರು ಕಾರ್ಖಾನೆಗಳು ಹೋದ ಮೇಲೆ ಬಡವಾದ ಊರು, ಅರ್ಧಕ್ಕಿಂತ ಹೆಚ್ಚು ಜನ ಕಪ್ಪು ವರ್ಣದವರು. ಹಣಕಾಸು ಕೆಟ್ಟ ಊರುಗಳಿಗೆ ರಾಜ್ಯ ಸರ್ಕಾರ ತುರ್ತು ವ್ಯವಸ್ಥಾಪಕರನ್ನು ನೇಮಿಸಬಹುದು, ಆಗ ಚುನಾಯಿತ ಮೇಯರ್ ಮತ್ತು ಕೌನ್ಸಿಲ್‌ನ ಅಧಿಕಾರ ಅವರ ಕೈಗೆ ಹೋಗುತ್ತದೆ ಎಂಬ ಕಾನೂನು ಅಲ್ಲಿತ್ತು. 2012ರ ನವೆಂಬರ್‌ನಲ್ಲಿ ಮಿಶಿಗನ್ ಮತದಾರರು ಜನಮತ ಸಂಗ್ರಹದಲ್ಲಿ ಆ ಕಾನೂನನ್ನು ತಿರಸ್ಕರಿಸಿದರು. ಮರು ತಿಂಗಳೇ ಶಾಸಕಾಂಗ ಹೆಚ್ಚುಕಡಿಮೆ ಅಂಥದೇ ಇನ್ನೊಂದು ಕಾನೂನು ಮಾಡಿತು. ಈ ಸಲ ಅದರೊಳಗೆ ಹಣ ಮಂಜೂರಾತಿಯ ಕಲಮು ಸೇರಿಸಿದರು, ಏಕೆಂದರೆ ಅಲ್ಲಿಯ ಸಂವಿಧಾನದ ಪ್ರಕಾರ ಹಣ ಮಂಜೂರಾತಿಯ ಕಾಯ್ದೆಯನ್ನು ಜನಮತಕ್ಕೆ ಎಳೆಯುವಂತಿಲ್ಲ. ಎಲ್ಲವೂ ಕಾನೂನುಬದ್ಧ.

2014ರ ಏಪ್ರಿಲ್‌ನಲ್ಲಿ, ವ್ಯವಸ್ಥಾಪಕರ ಆಳ್ವಿಕೆಯಲ್ಲಿ, ಹಣ ಉಳಿಸಲೆಂದು ಊರಿನ ನೀರನ್ನು ಡೆಟ್ರಾಯಿಟ್‌ನ ಪೂರೈಕೆಯಿಂದ ಫ್ಲಿಂಟ್ ನದಿಗೆ ಬದಲಿಸಿದರು. ಕೊಳವೆ ಸವೆಯದಂತೆ ತಡೆಯುವ ರಾಸಾಯನಿಕ ಬೆರೆಸಲಿಲ್ಲ. ಹಳೆಯ ಕೊಳವೆಗಳ ಸೀಸ ನೀರಿಗಿಳಿಯಿತು, ಮಕ್ಕಳ ರಕ್ತ ಸೇರಿತು. ಅದೇ ಕಾಲದ ಲೀಜನೇರ್ಸ್ ರೋಗಕ್ಕೆ 12 ಜನ ಸತ್ತರು. ನೀರು ನಾರುತ್ತಿದೆ, ಕಂದು ಬಣ್ಣ ಎಂದು ಜನ ಬಾಟಲಿ ಹಿಡಿದು ಸಭೆಗಳಿಗೆ ಬಂದರು. 2015ರ ಮಾರ್ಚ್‌ನಲ್ಲಿ ಕೌನ್ಸಿಲ್ 7-1 ಮತಗಳಿಂದ ಹಳೆಯ ನೀರಿಗೆ ಮರಳಲು ನಿರ್ಣಯಿಸಿತು. ವ್ಯವಸ್ಥಾಪಕರು ಒಪ್ಪಲಿಲ್ಲ. ಅವರು ಒಪ್ಪದಿದ್ದರೆ ಆ ನಿರ್ಣಯಕ್ಕೆ ಬೆಲೆಯೇ ಇರಲಿಲ್ಲ. ನೀರು ಮರಳಿ ಬದಲಾದದ್ದು ಅಕ್ಟೋಬರ್‌ನಲ್ಲಿ. ಪರಿಹಾರವಾಗಿ 60 ಕೋಟಿ ಡಾಲರ್‌ಗೂ ಹೆಚ್ಚಿನ ಮೊತ್ತ ಕೊಡಬೇಕಾಯಿತು. ಮೊದಲು ಉಳಿಸಲು ಹೊರಟ ಹಣ ಅದರ ಮುಂದೆ ಲೆಕ್ಕಕ್ಕೇ ಇಲ್ಲ.

ಈಗ ಇಲ್ಲಿಗೆ ಬನ್ನಿ. ಕುರಿಚಿ 2011ರವರೆಗೆ ಸ್ವಂತ ಪುರಸಭೆಯಿದ್ದ ಊರು. ಆ ವರ್ಷ ಕೊಯಮತ್ತೂರು ಪಾಲಿಕೆಗೆ ಸೇರಿ, 100 ವಾರ್ಡುಗಳ ದೊಡ್ಡ ಸಭೆಯಲ್ಲಿ ಅದಕ್ಕೆ ಕೆಲವೇ ಸ್ಥಾನಗಳ ಪಾಲು ಉಳಿಯಿತು. 2016ರ ಅಕ್ಟೋಬರ್‌ನಲ್ಲಿ ಆ ಸಭೆಯ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕೆಂದು ಸಂವಿಧಾನದ 243ಯು ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಮೀಸಲಾತಿಯ ದೋಷದಿಂದಾಗಿ ಮದ್ರಾಸ್ ಹೈಕೋರ್ಟು ಚುನಾವಣಾ ಅಧಿಸೂಚನೆಯನ್ನು ರದ್ದು ಮಾಡಿತು, ಆಮೇಲೆ ವಾರ್ಡು ವಿಂಗಡಣೆ, ಮೊಕದ್ದಮೆ, ಮುಂದೂಡಿಕೆ. ಮತದಾನ ನಡೆದದ್ದು 2022ರ ಫೆಬ್ರವರಿ 19ರಂದು. ಐದು ವರ್ಷಕ್ಕೂ ಮೀರಿ ಈ ಊರಿಗೆ ಕೌನ್ಸಿಲರ್ ಎಂಬುವರೇ ಇರಲಿಲ್ಲ. ಚುನಾಯಿತ ಸಭೆಗಳಿಲ್ಲವೆಂದು ಕೇಂದ್ರ ಹಣಕಾಸು ಆಯೋಗದ ಅನುದಾನವೂ ತಡೆಯಾಯಿತು. ಆ ಖಾಲಿ ವರ್ಷಗಳಲ್ಲೇ, 2018ರಲ್ಲಿ, ನಗರದ ಹಳೆಯ ಭಾಗಕ್ಕೆ ದಿನವಿಡೀ ನೀರು ಪೂರೈಸುವ 26 ವರ್ಷದ, 3,000 ಕೋಟಿ ರೂಪಾಯಿ ಮೀರಿದ ಗುತ್ತಿಗೆಗೆ ಫ್ರಾನ್ಸ್‌ನ ಸುಯೆಜ್ ಕಂಪನಿಯೊಂದಿಗೆ ಸಹಿ ಬಿತ್ತು.

ಇಲ್ಲಿಯ ನೀರು ಫ್ಲಿಂಟ್‌ನ ನೀರಿನಂತೆ ಕೆಟ್ಟಿತೆಂದು ನಾನು ಹೇಳುತ್ತಿಲ್ಲ, ಅದು ಕೆಟ್ಟಿಲ್ಲ. ಆ ಗುತ್ತಿಗೆ ಒಳ್ಳೆಯದೇ ಆಗಿರಬಹುದು. ಆದರೆ ಒಂದು ತಲೆಮಾರಿನ ನೀರಿನ ಬಗ್ಗೆ ಸಹಿ ಹಾಕುವ ದಿನ ಆ ಊರಿನ ಒಬ್ಬ ಚುನಾಯಿತ ಸದಸ್ಯನೂ ಎದ್ದುನಿಂತು ದರ ಎಷ್ಟು, ಬೀದಿ ನಲ್ಲಿಗಳ ಗತಿಯೇನು ಎಂದು ಕೇಳುವಂತಿರಲಿಲ್ಲ. ಮನೆಯೊಳಗೆ ಬೋರ್‌ವೆಲ್, ಸಂಪು ಇರುವವರಿಗೆ ಆ ಪ್ರಶ್ನೆಯ ತುರ್ತಿಲ್ಲ, ಬೀದಿ ನಲ್ಲಿಯವರಿಗೆ ಇದೆ. ಅಧಿಕಾರಿಯ ಕೋಣೆಗೆ ಶ್ರೀಮಂತನಿಗೆ ಹೇಗೂ ಪ್ರವೇಶ ಸಿಗುತ್ತದೆ. ಬಡವನಿಗೆ ಸಿಗುವ ಬಾಗಿಲು ಕೌನ್ಸಿಲರ್ ಮನೆಯದೊಂದೇ.

ಬೆಂಗಳೂರಿನವರು ಇದನ್ನು ದೂರದ ಕತೆಯೆಂದು ಓದಬಾರದು. ಬಿಬಿಎಂಪಿ ಸಭೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಐದು ವರ್ಷ ಚುನಾವಣೆ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆದಾಗಲೂ ಚುನಾಯಿತ ಸಭೆ ಇರಲಿಲ್ಲ.

ತಪ್ಪು ಕಲ್ಪನೆ: "ಹೊರರಾಜ್ಯದ ಕೆಲಸಗಾರರಿಗೆ ಇಲ್ಲಿ ಮತವಿಲ್ಲ."

ವಾಸ್ತವ: ಕುರಿಚಿಯ ಫೌಂಡ್ರಿಗಳಲ್ಲಿ ಎರಕ ಹೊಯ್ಯುವವರಲ್ಲಿ ಬಿಹಾರ, ಒಡಿಶಾ, ಜಾರ್ಖಂಡ್‌ನವರು ತುಂಬ ಜನ. ತಮಿಳುನಾಡಿನಲ್ಲಿ ಇಂಥವರ ಮೇಲೆ ಹಲ್ಲೆ ನಡೆಯುತ್ತಿದೆ ಎಂಬ ಸುಳ್ಳು ವಿಡಿಯೊಗಳು 2023ರ ಮಾರ್ಚ್‌ನಲ್ಲಿ ಹರಿದಾಡಿದಾಗ ಗಾಬರಿಯಾಗಿ ಊರಿಗೆ ಹೊರಟವರೂ ಇದ್ದರು. 1950ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಒಬ್ಬ ನಾಗರಿಕ ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತಾನೋ ಅಲ್ಲಿ ಮತದಾರನಾಗಬಹುದು. ಭಾಷೆ, ಹುಟ್ಟಿದ ಊರು, ಸ್ವಂತ ಮನೆ ಯಾವುದೂ ಶರತ್ತಲ್ಲ. ಒಂದೇ ಕಡೆ ಮಾತ್ರ ಹೆಸರಿರಬೇಕು, ಅಷ್ಟೆ. ಇವರ ಹೆಸರು ತಮಿಳುನಾಡಿನ ಪಟ್ಟಿಗೆ ಸೇರುವುದರ ಬಗ್ಗೆ 2025ರಲ್ಲಿ ದೊಡ್ಡ ರಾಜಕೀಯ ಜಗಳವೇ ನಡೆಯಿತು. ಕಾನೂನು ಮಾತ್ರ ಬದಲಾಗಿಲ್ಲ. ತಲೆಮಾರುಗಳಿಂದ ಇಲ್ಲಿದ್ದು, ಮನೆಯಲ್ಲಿ ಕನ್ನಡ ಆಡುತ್ತ, ಇಲ್ಲಿಯ ಮತದಾರರಾಗಿ ಬದುಕಿದ ನಮ್ಮವರಿಗೆ ಇದು ಬೇಗ ಅರ್ಥವಾಗಬೇಕು.

ಬಹುಪಾಲು ಕೆಲಸಗಾರರು ಊರಿನ ಹೆಸರನ್ನು ಬಿಡಲು ಒಪ್ಪುವುದಿಲ್ಲ. ಅಲ್ಲಿ ಹೊಲವಿದೆ, ತಂದೆತಾಯಿಯಿದ್ದಾರೆ. ಆ ಆಯ್ಕೆ ಅವರದು. ಆದರೆ ಹೆಂಡತಿ ಮಕ್ಕಳ ಸಮೇತ ಇಲ್ಲೇ ನೆಲೆಸಿ, ಮಕ್ಕಳನ್ನು ಇಲ್ಲಿಯ ಶಾಲೆಗೇ ಸೇರಿಸಿದವರೂ ಇದ್ದಾರೆ. ಅವರಿರುವ ಸಾಲುಮನೆಗಳ ಚರಂಡಿ, ನೀರು, ಬೀದಿದೀಪದ ತೀರ್ಮಾನ ಪಾಟ್ನಾದಲ್ಲಿ ಆಗುವುದಿಲ್ಲ. ಅಂಥವರಿಗೆ ಅರ್ಜಿ ನಮೂನೆ ಎಲ್ಲಿ ಸಿಗುತ್ತದೆ, ಬಾಡಿಗೆ ಮನೆಯ ವಿಳಾಸಕ್ಕೆ ಯಾವ ದಾಖಲೆ ನಡೆಯುತ್ತದೆ ಎಂದು ಹೇಳಿಕೊಡಲು ಮಾಲೀಕರೂ ಅಕ್ಕಪಕ್ಕದವರೂ ಮುಂದಾಗಬೇಕು. ಈಗಿನ ಪಾಲಿಕೆ ಸಭೆಯ ಅವಧಿ 2027ರ ಆರಂಭಕ್ಕೆ ಮುಗಿಯುತ್ತದೆ. ಅದಕ್ಕೂ ಮೊದಲೇ ಹೊಸ ಸಭೆಯ ಚುನಾವಣೆ ಮುಗಿದಿರಬೇಕೆಂದು 243ಯು ವಿಧಿ ಹೇಳುತ್ತದೆ. ಈ ಸಲವೂ ಅದು ತಪ್ಪಿದರೆ ಮೊದಲ ವಾರದಲ್ಲೇ ಹೈಕೋರ್ಟಿನ ಮೆಟ್ಟಿಲು ಹತ್ತಲು ಕುರಿಚಿಯ ಸಂಘಗಳು ಈಗಲೇ ಸಿದ್ಧವಾಗಬೇಕು.